ಔಷಧದ ಚಮಚ ಮತ್ತು ಇನ್ನೂರ ಹನ್ನೆರಡು ಉಲ್ಲೇಖಗಳು

ಚಮಚದ ಡಾಕ್ಟರಮ್ಮ ಎಂದರೆ ವೈದ್ಯಕೀಯ ಕಾಲೇಜಿನ ಗೇಟಿನ ಕಾವಲುಗಾರನಿಗೂ ಗೊತ್ತು. ನಿಜವಾದ ಹೆಸರು ಹಿಡಿದು ಕೇಳಿಕೊಂಡು ಬಂದವರನ್ನು ಮಾತ್ರ ಅವನು, "ಅಂಥವರು ಯಾರೂ ಇಲ್ಲಿಲ್ಲ, ಪಕ್ಕದ ದಂತ ಕಾಲೇಜಲ್ಲಿ ಕೇಳಿ ನೋಡಿ" ಎಂದು ಸಾಗಹಾಕುತ್ತಿದ್ದ. ಔಷಧಶಾಸ್ತ್ರ ವಿಭಾಗದಲ್ಲಿ ಹದಿಮೂರು ವರ್ಷದಿಂದ ಪಾಠ ಮಾಡುತ್ತಿದ್ದ ಅವಳಿಗೆ ಈ ಅಡ್ಡಹೆಸರಿನ ಬಗ್ಗೆ ಬೇಸರವೇನೂ ಇರಲಿಲ್ಲ. ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು ಅನ್ನಿ. ಅಡ್ಡಹೆಸರು ಬರುವಷ್ಟು ಕೆಲಸ ಮಾಡಿದವರು ಆ ಕಾಲೇಜಿನಲ್ಲಿ ಎಷ್ಟು ಜನ ಇದ್ದರು?

ಹೆಸರು ಬಂದಿದ್ದು ಹನ್ನೊಂದು ವರ್ಷದ ಹಿಂದಿನ ಒಂದು ಪ್ರಬಂಧದಿಂದ. ಮಕ್ಕಳಿಗೆ ಸಿರಪ್ ಬರೆದುಕೊಡುವಾಗ ಡಾಕ್ಟರುಗಳು "ಒಂದು ಚಮಚ" ಅನ್ನುತ್ತಾರೆ. ಅವರ ಲೆಕ್ಕದಲ್ಲಿ ಒಂದು ಚಮಚ ಅಂದರೆ ಐದು ಮಿಲಿಲೀಟರ್. ಆದರೆ ಮನೆಯ ಚಮಚ ಎಷ್ಟು ಹಿಡಿಯುತ್ತದೆ ಎಂದು ಅಳೆದವರು ಯಾರು? ಕೆಲಸಕ್ಕೆ ಸೇರಿ ಇನ್ನೂ ಎರಡು ವರ್ಷ ತುಂಬಿರದ ಅವಳು ಟೊಂಕ ಕಟ್ಟಿ ನಿಂತಳು. ಕಾಲೇಜಿನ ಸಿಬ್ಬಂದಿಗೆ, ತಮ್ಮ ಬೀದಿಯವರಿಗೆ, ಅವರ ನೆಂಟರಿಷ್ಟರಿಗೆ ಚೀಟಿ ಹಂಚಿದಳು: "ನಿಮ್ಮ ಮನೆಯಲ್ಲಿ ಔಷಧಿ ಕುಡಿಸುವ ಚಮಚವನ್ನು ದಯವಿಟ್ಟು ಒಂದು ವಾರದ ಮಟ್ಟಿಗೆ ಕೊಟ್ಟಿರಿ." ಎಪ್ಪತ್ತನಾಲ್ಕು ಮನೆಗಳಿಂದ ಎಪ್ಪತ್ತನಾಲ್ಕು ಚಮಚಗಳು ಬಂದವು. ಪ್ರತಿಯೊಂದಕ್ಕೂ ದಾರದಲ್ಲಿ ನಂಬರು ಕಟ್ಟಿ, ಸಿರಿಂಜಿನಲ್ಲಿ ನೀರು ಬಿಟ್ಟು ಅಳೆದಳು. ಕಡಿಮೆ ಅಂದರೆ ನಾಲ್ಕೂವರೆ, ಹೆಚ್ಚೆಂದರೆ ಐದೂವರೆ. ಮನೆಯ ಚಮಚವನ್ನು ಧಾರಾಳವಾಗಿ ನಂಬಬಹುದು ಎಂದು ಬರೆದಳು. ಹೆಸರಾಂತ ವೈದ್ಯಕೀಯ ಪತ್ರಿಕೆಯೊಂದು ಅದನ್ನು ಫೋಟೋ ಸಮೇತ ಅಚ್ಚು ಹಾಕಿತು.

ಈಗ ಅವಳು ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕಬೇಕಿತ್ತು. ಅದಕ್ಕೆ ಗ್ರಂಥಪಾಲಕರ ಸಹಿ ಬೇಕು. ಯಾರು ಎಷ್ಟು ಪ್ರಬಂಧ ಬರೆದರು, ಅದನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಇಡೀ ಕಾಲೇಜಿನ ಜಾತಕ ಇದ್ದದ್ದು ಆ ಮನುಷ್ಯನ ಕಂಪ್ಯೂಟರಿನಲ್ಲಿ. ಕನ್ನಡಕವನ್ನು ಹಣೆಗೇರಿಸಿಕೊಂಡು, ಅದನ್ನೇ ಮೇಜಿನ ಮೇಲೆಲ್ಲ ಹುಡುಕುವ ಆಸಾಮಿ.

"ಹದಿಮೂರು ಪೇಪರ್, ಒಟ್ಟು ಉಲ್ಲೇಖ ಇನ್ನೂರ ಅರವತ್ಮೂರು" ಎಂದರು ಅವರು. "ಸಮಿತಿ ಕೇಳೋದು ಇನ್ನೂರು. ಪಾಸಾದ್ರಿ ಬಿಡಿ ಮೇಡಂ."

"ಎಚ್-ಇಂಡೆಕ್ಸ್?"

"ಐದು. ನಿಮ್ಮ ಐದು ಪೇಪರ್‌ನ ಜನ ತಲಾ ಐದು ಸಲಾನಾದ್ರೂ ನೆನೆಸ್ಕೊಂಡಿದ್ದಾರೆ. ಆರನೇದು ಕೈ ಕೊಡ್ತು." ಅವರು ಪರದೆಯತ್ತ ಬಗ್ಗಿ ದನಿ ತಗ್ಗಿಸಿದರು. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಈ ಇನ್ನೂರ ಅರವತ್ಮೂರರಲ್ಲಿ ಇನ್ನೂರ ಹನ್ನೆರಡು ಚಮಚದ್ದೇ. ಅದನ್ನ ತೆಗೆದ್ರೆ ಉಳಿಯೋದು ಐವತ್ತೊಂದು. ಅದರಲ್ಲೂ ಒಂಬತ್ತು ನಿಮ್ಮನ್ನ ನೀವೇ ಹೊಗಳ್ಕೊಂಡಿದ್ದು."

"ನನ್ನನ್ನ ಇನ್ಯಾರು ಹೊಗಳ್ತಾರೆ ಸರ್?"

ಇಬ್ಬರೂ ನಕ್ಕರು. ಹೃದಯ ವಿಭಾಗದಲ್ಲಿ ಒಬ್ಬರಿದ್ದರು, ಕಾಲೇಜಿನ ತುಂಬ ಅವರಿಗೆ "ವಾರಕ್ಕೊಂದು" ಎಂದೇ ಹೆಸರು. ನೂರ ನಲವತ್ತು ಪ್ರಬಂಧ ಬರೆದು ಇನ್ನೂ ಪೆನ್ನು ಕೆಳಗಿಟ್ಟಿರಲಿಲ್ಲ. ಅವರಿಗೆ ಹೋಲಿಸಿದರೆ ಡಾಕ್ಟರಮ್ಮನದು ಬಡ ಸಂಸಾರ. ಆದರೂ ಒಂದು ಚಮಚ ಅವಳನ್ನು ದಡ ಮುಟ್ಟಿಸುವುದರಲ್ಲಿತ್ತು. ಸಮಿತಿ ಸೇರಲು ಇನ್ನು ನಾಲ್ಕು ವಾರ.

ಅರ್ಜಿ ತುಂಬಲೆಂದೇ ಅವಳು ಒಂದು ಬುಧವಾರ ರಜೆ ಹಾಕಿ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಕೂತಳು. ಅವಳ ಗಂಡ ಶಾಲೆಯಲ್ಲಿ ಭೂಗೋಳದ ಮೇಷ್ಟ್ರು, ಬೆಳಿಗ್ಗೆಯೇ ಹೋಗಿಯಾಗಿತ್ತು. ಏಳು ವರ್ಷದ ಮಗಳು ಪುಟ್ಟಿಗೆ ಜ್ವರ. ಮಧ್ಯಾಹ್ನದ ಔಷಧಿಯ ಹೊತ್ತಾಯಿತು. ಸೀಸೆಯ ಜೊತೆ ಬಂದ ಪುಟ್ಟ ಅಳತೆ ಲೋಟವನ್ನು ಪುಟ್ಟಿ ತನ್ನ ಬೊಂಬೆಗೆ ಟೋಪಿ ಮಾಡಿ ಎಲ್ಲೋ ಕಳೆದುಹಾಕಿದ್ದಳು. ಮಗಳಿಗೆ ಹುಷಾರಿಲ್ಲದಾಗೆಲ್ಲ ಬೆಳಗಿನ ಔಷಧಿಯನ್ನು ಅಳತೆ ಲೋಟದಲ್ಲಿ ಕುಡಿಸಿ ಕಾಲೇಜಿಗೆ ಓಡುವ ಡಾಕ್ಟರಮ್ಮನಿಗೆ ಮಧ್ಯಾಹ್ನ ಮನೆಯಲ್ಲಿ ಏನು ನಡೆಯುತ್ತದೆಂದು ನೋಡುವ ಭಾಗ್ಯ ಇದ್ದದ್ದೇ ಕಡಿಮೆ. ಅತ್ತೆ ಅಡುಗೆಮನೆಯ ಕಿಟಕಿಯ ಗೂಡಿಗೆ ಕೈ ಹಾಕಿ, ಹಿಡಿ ಸೊಟ್ಟಗಾದ, ಕಪ್ಪಗಾದ, ಗುಂಡಗೆ ಆಳವಾದ ಹಳೇ ಚಮಚವೊಂದನ್ನು ತೆಗೆದು ಒರೆಸಿಕೊಂಡು ಬಂದರು.

"ಅದ್ಯಾವ ಚಮಚ ಅತ್ತೆ?"

"ಔಷಧೀ ಚಮಚ ಕಣೇ. ನಿನ್ನ ಗಂಡ ಅಂಬೆಗಾಲು ಇಡ್ತಿದ್ದಾಗಿಂದ ಇದೇ."

ಡಾಕ್ಟರಮ್ಮನ ಪೆನ್ನು ನಿಂತಿತು. "ಮತ್ತೆ ಅವತ್ತು ನಾನು ಕಾಲೇಜಿಗೆ ಅಂತ ಕೇಳಿದಾಗ ಕೊಟ್ಟಿದ್ದು?"

"ಅದಾ? ಶೋಕೇಸಲ್ಲಿದ್ದ ಹೊಸ ಸೆಟ್ಟಿಂದು." ಅತ್ತೆ ಸೊಸೆಯ ಮುಖವನ್ನು ವಿಚಿತ್ರವಾಗಿ ನೋಡಿದರು. "ಕಾಲೇಜಿಗೆ ಈ ಕರಿ ಚಮಚ ಕಳಿಸ್ತಾರಾ ಯಾರಾದ್ರೂ? ಅಷ್ಟು ಜನ ಡಾಕ್ಟ್ರು ನೋಡ್ತಾರೆ, ಇವಳ ಅತ್ತೆ ಮನೇಲಿ ನೆಟ್ಟಗೊಂದು ಚಮಚ ಇಲ್ಲ ಅಂದ್ಕೊಳ್ಳಲ್ವಾ? ನನ್ನ ಮರ್ಯಾದೆ ಏನಾಗ್ಬೇಕು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಎದ್ದು ಹೋಗಿ ಹಳೆಯ ಪ್ರಬಂಧದ ಫೋಟೋ ತೆಗೆದು ನೋಡಿದಳು. ಸಾಲಾಗಿ ಮಲಗಿದ್ದ ಎಪ್ಪತ್ತನಾಲ್ಕು ಚಮಚಗಳು ಫಳಫಳ ಹೊಳೆಯುತ್ತಿದ್ದವು. ಮುಕ್ಕಾಲು ಪಾಲಿನ ಹಿಡಿಯ ಮೇಲೆ ಒಂದೇ ಹೂವಿನ ಚಿತ್ತಾರ. ಕೆಲವು ತೆಳು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದವು ಎಂಬುದು ಈಗ ನೆನಪಾಯಿತು. ಒಂದರ ಬೆನ್ನಿಗೆ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಅದನ್ನು ಅವಳೇ ಉಗುರಿನಿಂದ ಕೆರೆದು ತೆಗೆದಿದ್ದಳು! ಔಷಧಿ ಕುಡಿಸುವ ಚಮಚಕ್ಕೆ ಅಂಗಡಿ ಚೀಟಿ ಯಾಕಿರುತ್ತದೆ ಎಂದು ಕೇಳಿಕೊಳ್ಳುವಷ್ಟು ಬುದ್ಧಿ ಆಗ ಎಲ್ಲಿ ಮೇಯಲು ಹೋಗಿತ್ತೋ. ಎಪ್ಪತ್ತನಾಲ್ಕು ಮನೆಯವರೂ ತಮ್ಮ ತಮ್ಮ ಮರ್ಯಾದೆಯನ್ನು ಕಳಿಸಿದ್ದರು, ಅವಳು ಅದನ್ನು ಸಿರಿಂಜಿನಲ್ಲಿ ಅಳೆದಿದ್ದಳು.

ಸಿರಿಂಜು ತಂದು ಕರಿ ಚಮಚಕ್ಕೆ ನೀರು ಬಿಟ್ಟಳು. ಎಂಟೂವರೆ ಹಿಡಿಯಿತು.

"ಅತ್ತೆ! ಇಷ್ಟು ದಿನ ಮಗೂಗೆ ಎಂಟೂವರೆ ಕುಡಿಸಿದ್ದೀರಾ?"

"ನನಗೇನು ತಲೆ ಕೆಟ್ಟಿದೆಯಾ? ಪೂರ್ತಿ ಯಾರು ತುಂಬಿಸ್ತಾರೆ? ಇಲ್ಲಿ ನೋಡು." ಚಮಚದ ಒಳಗೋಡೆಯಲ್ಲಿ ಕಂಡೂ ಕಾಣದಂತೆ ಒಂದು ಗೀರಿತ್ತು. "ಆಗಿನ ಡಾಕ್ಟ್ರು ಸೂಜಿ ಮೊನೇಲಿ ಗೀಚಿ ಕೊಟ್ಟಿದ್ದು. ಇಲ್ಲೀವರೆಗೆ, ಒಂದು ಹನಿ ಮೇಲೆ ಹೋಗಬಾರದು ಅಂದಿದ್ರು."

ಗೀರಿನವರೆಗೆ ಅಳೆದಳು. ಸರಿಯಾಗಿ ಐದು. ಅಳಬೇಕೋ ನಗಬೇಕೋ ತಿಳಿಯದೆ ಡಾಕ್ಟರಮ್ಮ ಅಡುಗೆಮನೆಯ ನೆಲದ ಮೇಲೆಯೇ ಕೂತುಬಿಟ್ಟಳು. ಚಮಚ ಮಾತ್ರ ಅಳೆದರೆ ಸಾಲದು, ಕೈಯನ್ನೂ ಅಳೆಯಬೇಕಿತ್ತು. ಹನ್ನೊಂದು ವರ್ಷದಿಂದ ಒಂದೇ ಸೂರಿನಡಿ ಇದ್ದ ಹೆಂಗಸಿಗೆ ಗೊತ್ತಿದ್ದದ್ದು ಅವಳ ಪ್ರಬಂಧಕ್ಕೆ ಗೊತ್ತಿರಲಿಲ್ಲ.

ಸಂಜೆ ಮೇಷ್ಟ್ರು ಬಂದು ಕಥೆಯೆಲ್ಲ ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಆಮೇಲೆ ಹೆಂಡತಿಯ ಮುಖ ನೋಡಿ ನಗು ನಿಲ್ಲಿಸಿದರು. "ಈಗೇನು ಮಾಡ್ತೀಯಾ? ನಿನಗೆ ಗೊತ್ತು, ನನಗೆ ಗೊತ್ತು, ಅಮ್ಮನಿಗೆ ಗೊತ್ತು. ಪುಟ್ಟಿ ಬಾಯಿ ಬಿಡಲ್ಲ."

"ಬಿಡ್ತೀನಿ" ಎಂದಳು ಪುಟ್ಟಿ ಹಾಸಿಗೆಯಿಂದಲೇ.

ಮಾರನೇ ದಿನ ಡಾಕ್ಟರಮ್ಮ ಗ್ರಂಥಪಾಲಕರಿಂದ ಆ ಇನ್ನೂರ ಹನ್ನೆರಡರ ಪಟ್ಟಿ ಇಸಿದುಕೊಂಡಳು. ತನ್ನನ್ನು ಉಲ್ಲೇಖಿಸಿದವರನ್ನು ಎಣಿಸಿದ್ದಳೇ ಹೊರತು ಒಬ್ಬೊಬ್ಬರನ್ನೇ ಓದಿರಲಿಲ್ಲ. ಯಾವ ಸಂಶೋಧಕ ತಾನೇ ಓದುತ್ತಾನೆ? ಎಣಿಸಿ, ಮನೆಗೆ ಹೋಗಿ ಹೇಳಿ, ಇನ್ನೊಂದು ಬಂತಾ ಎಂದು ಮತ್ತೆ ಎಣಿಸುವುದೇ ಎಲ್ಲರ ಪಾಡು. ಈಗ ಒಂದೊಂದಾಗಿ ಓದುತ್ತ ಹೋದಳು. ಹೆಚ್ಚಿನವರು ಒಂದು ಸಾಲು ಬರೆದು ಮುಂದೆ ಹೋಗಿದ್ದರು. ಆದರೆ ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗಾಗಿ ಬರೆದ ಕೈಪಿಡಿಯೊಂದರ ಮೇಲೆ ಅವಳ ಕಣ್ಣು ನೆಟ್ಟಿತು. "ಅಳತೆ ಲೋಟ ಇಲ್ಲದಿದ್ದರೆ ಮನೆಯ ಚಮಚವನ್ನೇ ತುಂಬಿಸಿ ಕುಡಿಸಿದರೆ ಸಾಕು" ಎಂದು ಬರೆದು, ಪಕ್ಕದಲ್ಲಿ ಸಣ್ಣಗೆ ಅವಳ ಪ್ರಬಂಧದ ನಂಬರು ಹಾಕಿದ್ದರು. ಗೀರಿಲ್ಲದ ಕರಿ ಚಮಚಗಳು ಎಷ್ಟು ಕಿಟಕಿಗಳಲ್ಲಿವೆಯೋ, ಅವುಗಳನ್ನು ತನ್ನ ಮಾತು ನಂಬಿ ಎಷ್ಟು ಕೈಗಳು ತುಂಬಿಸುತ್ತಿವೆಯೋ ಎಂದು ಯೋಚಿಸಿದರೆ ಹೆದರಿಕೆಯಾಯಿತು.

ವಿಭಾಗದ ಮುಖ್ಯಸ್ಥರು ಒಳ್ಳೆಯವರು. ಎಲ್ಲ ಕೇಳಿ, ಬಾಗಿಲು ಮುಂದಕ್ಕೆ ಮಾಡಿ ಹೇಳಿದರು: "ತಿದ್ದುಪಡಿ ಕಳಿಸಲೇಬೇಕಮ್ಮ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಸಮಿತಿ ಮುಗಿದ ಮಾರನೇ ದಿನ ಕಳಿಸು. ಹನ್ನೊಂದು ವರ್ಷ ಕಾದಿದೆ, ಇನ್ನೊಂದು ತಿಂಗಳಿಗೆ ಏನಾಗುತ್ತೆ?"

ಏನಾಗುತ್ತೆ ಎಂಬುದೇ ಅವಳನ್ನು ಕಾಡಿದ್ದು. ಪ್ರೊಫೆಸರ್ ಆಗಬೇಕೆಂಬ ಆಸೆ ಅವಳಿಗೂ ಇತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಾಗಿಲ ಮೇಲಿನ ಹೊಸ ಫಲಕವನ್ನು ಎಷ್ಟೋ ಸಲ ಮನಸ್ಸಿನಲ್ಲೇ ಬರೆದುಕೊಂಡಿದ್ದಳು. ಆದರೆ ಆ ಕೈಪಿಡಿಯ ಸಾಲು ಊಟಕ್ಕೆ ಕೂತರೂ ಕಣ್ಣ ಮುಂದೆ ಬರುತ್ತಿತ್ತು. ಒಂದು ಚಮಚ ನೋಡಿ ಪತ್ರಿಕೆಗೆ ಬರೆದರೆ ಯಾರೂ ನಂಬುವುದಿಲ್ಲ. ಆ ಮನೆಗಳಿಗೆಲ್ಲ ಮತ್ತೆ ಹೋಗಬೇಕು ಎಂದು ನಿರ್ಧರಿಸಿದಳು.

ಮೊದಲ ದಿನ ಒಬ್ಬಳೇ ಹೋಗಿ ಪೆಚ್ಚುಮೋರೆ ಹಾಕಿಕೊಂಡು ಬಂದಳು. ಆರು ಮನೆಗಳಲ್ಲೂ ಒಂದೇ ಉತ್ತರ: "ಅವತ್ತು ಕೊಟ್ಟಿದ್ದೇ ನಮ್ಮ ಔಷಧೀ ಚಮಚ." ಹೇಳುವಾಗ ಆರು ಮಂದಿಯೂ ಕಿಟಕಿಯ ಕಡೆ ನೋಡಿದ್ದರು.

"ನೀನು ಬ್ಯಾಗು, ಫಾರಮ್ಮು ಹಿಡ್ಕೊಂಡು ಪೊಲೀಸ್ನೋರ ಥರ ಹೋದ್ರೆ ಯಾರು ಬಾಯಿ ಬಿಡ್ತಾರೆ?" ಎಂದರು ಅತ್ತೆ. "ನಡಿ, ನಾನೂ ಬರ್ತೀನಿ. ತಪ್ಪು ಶುರುವಾಗಿದ್ದು ನಮ್ಮನೆಯಿಂದಲೇ ತಾನೆ?"

ಮೂರು ವಾರ, ಕಾಲೇಜು ಬಿಟ್ಟ ಮೇಲೆ ಮತ್ತು ರಜೆಯ ದಿನ ಪೂರ್ತಿ, ಅತ್ತೆ ಸೊಸೆ ಬೀದಿ ಸುತ್ತಿದರು. ಅತ್ತೆಯ ವಿಧಾನ ಸರಳ. ಕುರ್ಚಿಯಲ್ಲಿ ಕೂತು, ನೀರು ಕುಡಿದು, ಮಂಡಿನೋವಿನ ಸಮಾಚಾರ ಮುಗಿಸಿ, ಚೀಲದಿಂದ ಕರಿ ಚಮಚವನ್ನು ಹೊರತೆಗೆದು ಎದುರಿಗೆ ಇಡುತ್ತಿದ್ದರು. "ಇದು ನಮ್ಮನೇದು. ನಾಚಿಕೆಗೆ ಸೊಸೆಗೇ ತೋರಿಸಿರಲಿಲ್ಲ. ಅವತ್ತು ಶೋಕೇಸಿಂದು ಕೊಟ್ಟು ಕಳಿಸಿಬಿಟ್ಟೆ." ಎದುರಿದ್ದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕು, ಒಳಗೆ ಹೋಗಿ ತಮ್ಮದನ್ನು ತರುತ್ತಿದ್ದರು. ಒಬ್ಬರದು ಉಪ್ಪಿನ ಡಬ್ಬಿಯ ಚಮಚ. ಒಬ್ಬರು ಸೀಸೆಯ ಮುಚ್ಚಳದಲ್ಲೇ ಮೂರು ಮಕ್ಕಳನ್ನು ಬೆಳೆಸಿದ್ದರು. ಇನ್ನೊಬ್ಬರ ಬಳಿ ಎರಡಿದ್ದವು, ದೊಡ್ಡದು ಮಗನಿಗೆ, ಚಿಕ್ಕದು ಅಳಿಯನಿಗೆ. ಡಾಕ್ಟರಮ್ಮ ಬಣ್ಣದ ನೀರಿನ ಸೀಸೆ ಕೊಟ್ಟು, "ದಿನಾ ಹೇಗೆ ಸುರೀತೀರೋ ಹಾಗೇ ಸುರೀರಿ" ಎನ್ನುತ್ತಿದ್ದಳು. ಸುರಿದದ್ದನ್ನು ಅಲ್ಲೇ ಅಳೆದು ಬರೆದುಕೊಳ್ಳುತ್ತಿದ್ದಳು.

ನಲವತ್ತಾರು ಮನೆಗಳು ಸಿಕ್ಕವು. ಅವುಗಳಲ್ಲಿ ಮೂವತ್ತೇಳು ಮನೆಯವರು ಅವತ್ತು ಕಳಿಸಿದ್ದು ಶೋಕೇಸಿನ ಚಮಚ. ನಿಜವಾಗಿ ಮಕ್ಕಳ ಬಾಯಿಗೆ ಹೋಗುತ್ತಿದ್ದದ್ದು ಒಂದು ಮನೆಯಲ್ಲಿ ಎರಡು ಮಿಲಿಲೀಟರ್, ಇನ್ನೊಂದು ಮನೆಯಲ್ಲಿ ಒಂಬತ್ತು. ಸಮಿತಿಗೆ ಮೂರು ದಿನ ಇರುವಾಗ ಅವಳು ಪತ್ರಿಕೆಯ ಸಂಪಾದಕರಿಗೆ ಪತ್ರ ಕಳಿಸಿದಳು: ನನ್ನ ಪ್ರಬಂಧದ ತೀರ್ಮಾನ ತಪ್ಪು, ದಯವಿಟ್ಟು ಅದರ ನೆತ್ತಿಯ ಮೇಲೆ ಹಾಗೆಂದು ಬರೆಯಿರಿ. ಪತ್ರದ ಪ್ರತಿಯನ್ನು ಅರ್ಜಿಗೂ ಲಗತ್ತಿಸಿದಳು. ಅವತ್ತು ರಾತ್ರಿ ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದಳು.

ಸಮಿತಿಯ ದಿನ ಬೆಳಿಗ್ಗೆ ಅತ್ತೆ ಕರಿ ಚಮಚವನ್ನು ಬೂದಿ ಹಾಕಿ ಉಜ್ಜಿ, ಕರವಸ್ತ್ರದಲ್ಲಿ ಸುತ್ತಿ, ಸೊಸೆಯ ಬ್ಯಾಗಿಗೆ ತುರುಕಿದರು. "ಎಷ್ಟು ಉಜ್ಜಿದ್ರೂ ಇಷ್ಟೇ. ಇರಲಿ, ತೋರಿಸು."

ಸಮಿತಿಯ ಅಧ್ಯಕ್ಷೆ ಹೊರಗಿನಿಂದ ಬಂದಿದ್ದ ಹಿರಿಯ ಮಕ್ಕಳ ಡಾಕ್ಟರು, ಬೆಳ್ಳಿ ಕೂದಲಿನ, ಬಿಗಿ ಮುಖದ ಹೆಂಗಸು. ಪತ್ರವನ್ನು ಎರಡು ಸಲ ಓದಿದರು.

"ಅಂದ್ರೆ, ನಿಮ್ಮ ಅತ್ಯುತ್ತಮ ಪೇಪರ್ ತಪ್ಪು ಅಂತ ನೀವೇ ಹೇಳ್ತಿದ್ದೀರಿ."

"ಹೌದು ಮೇಡಂ."

"ಇನ್ನೂರ ಹನ್ನೆರಡು ಜನರಲ್ಲಿ ಒಬ್ಬರಿಗೂ ಕಾಣಲಿಲ್ಲ. ಯಾರು ಕಂಡುಹಿಡಿದ್ರು?"

"ನಮ್ಮ ಅತ್ತೆ."

ಅಧ್ಯಕ್ಷೆಯ ಬಿಗಿ ಮುಖ ಸಡಿಲಾಯಿತು. ಡಾಕ್ಟರಮ್ಮ ಮೇಜಿನ ಮೇಲಿಟ್ಟಿದ್ದ ಕರಿ ಚಮಚವನ್ನು ಕೈಗೆತ್ತಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಗೀರನ್ನು ಹೆಬ್ಬೆರಳಿನಿಂದ ಸವರಿ ನೋಡಿದರು. "ನಮ್ಮ ತಾಯೀದೂ ಒಂದಿತ್ತು. ಗೀರು ಇರಲಿಲ್ಲ" ಎಂದರು. ಆದರೆ ನಿಯಮ ನಿಯಮವೇ. ಇನ್ನೂರ ಹನ್ನೆರಡನ್ನು ಕಳೆದರು, ಐವತ್ತೊಂದು ಉಳಿಯಿತು. ಈ ಸಲ ಆಗುವುದಿಲ್ಲ, ಎರಡು ವರ್ಷ ಬಿಟ್ಟು ಬನ್ನಿ ಎಂದರು.

ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಂಕಟಪಟ್ಟವರು ಅತ್ತೆ. "ಅವತ್ತೇ ಈ ದರಿದ್ರ ಚಮಚ ಕೊಟ್ಟಿದ್ದಿದ್ರೆ" ಎಂದು ಹಣೆ ಹಣೆ ಬಡಿದುಕೊಂಡರು.

"ಅವತ್ತು ಕೊಟ್ಟಿದ್ರೂ ನಾನು ಪೂರ್ತಿ ತುಂಬಿಸಿ ಎಂಟೂವರೆ ಅಂತ ಬರೀತಿದ್ದೆ ಅತ್ತೆ. ಗೀರು ಕೇಳ್ತಾನೇ ಇರಲಿಲ್ಲ" ಎಂದಳು ಡಾಕ್ಟರಮ್ಮ. ಹೇಳಿದ ಮೇಲೆ ಸಮಾಧಾನಕ್ಕೆಂದು ಆಡಿದ ಮಾತು ನಿಜವೂ ಹೌದು ಎಂದು ಅವಳಿಗೇ ಅನ್ನಿಸಿತು. ಆ ವಾರವೇ ಹೊಸ ಪ್ರಬಂಧ ಬರೆಯಲು ಕೂತಳು. ಅತ್ತೆ ಸೊಸೆ ಸೇರಿ ಉಳಿದ ಮನೆಗಳನ್ನು ಹುಡುಕಿ, ಹೊಸದಾಗಿ ನೂರು ಮನೆ ಸೇರಿಸಿದರು. ಎರಡನೇ ಲೇಖಕಿಯಾಗಿ ಅತ್ತೆಯ ಹೆಸರು ಹಾಕಿದಳು. ಮನೆಯವರಿಂದ ನಿಜ ಹೊರಡಿಸುವ ಉಪಾಯ ಕಂಡುಹಿಡಿದವರು ಅವರೇ ತಾನೆ? ಎರಡನೇ ಲೇಖಕಿ ಯಾವ ಸಂಸ್ಥೆಯವರು ಎಂದು ಪತ್ರಿಕೆಯವರು ಕೇಳಿದಾಗ ಮೇಷ್ಟ್ರು ಬಾಗಿಲಲ್ಲಿ ನಿಂತು, "ಅಮ್ಮನೇ ಒಂದು ಸಂಸ್ಥೆ ಅಂತ ಬರಿ" ಎಂದರು. ಕೊನೆಗೆ ಮನೆಯ ವಿಳಾಸವನ್ನೇ ಬರೆದು ಕಳಿಸಿದರು.

ಹಳೆಯದನ್ನು ನಂಬಿ ಬರೆದವರೆಲ್ಲ ಈಗ ಹೊಸದನ್ನು ಉಲ್ಲೇಖಿಸಿ ತಿದ್ದಿಕೊಳ್ಳಬೇಕಾಯಿತು. ಮೊದಲು ತಿದ್ದಿಕೊಂಡದ್ದು ಆ ಕೈಪಿಡಿ. ಡಾಕ್ಟರಮ್ಮ ಆ ಪುಟವನ್ನು ಕತ್ತರಿಸಿ ಅಡುಗೆಮನೆಯ ಕಿಟಕಿಯ ಪಕ್ಕ ಅಂಟಿಸಿದಳು. ಅತ್ತೆಗೆ ಹೊಸ ಚಟ ಹತ್ತಿತು. ಸೊಸೆ ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ನಂದು ಎಷ್ಟಾಯ್ತು?" ಎನ್ನುವರು. "ನಲವತ್ತು" ಅಂದರೆ, "ನಿನ್ನೇನೂ ನಲವತ್ತೇ ಇತ್ತಲ್ಲ, ಇವತ್ತು ಯಾರೂ ಓದಲಿಲ್ವಾ?" ಎಂದು ಮುಖ ಊದಿಸುವರು. ಸಂಶೋಧಕರ ರೋಗ ಮನೆಮಂದಿಗೂ ಅಂಟುತ್ತದೆ ಎಂದು ಮೇಷ್ಟ್ರು ರೇಗಿಸಿದರೆ, "ನಿನ್ನ ಪೇಪರ್ ಎಲ್ಲಿದೆಯೋ?" ಎಂದು ಮಗನ ಬಾಯಿ ಮುಚ್ಚಿಸುವರು.

ಎರಡು ವರ್ಷದ ನಂತರ ಗ್ರಂಥಪಾಲಕರು ಎರಡು ಹಾಳೆ ಅಚ್ಚು ತೆಗೆದರು. ಒಂದು ಡಾಕ್ಟರಮ್ಮನದು. ಹಳೆಯ ಚಮಚವನ್ನು ಬಿಟ್ಟು ಉಳಿದವು ಎಪ್ಪತ್ತೇಳು, ಹೊಸದು ನೂರ ಮೂವತ್ತೊಂದು, ಒಟ್ಟು ಇನ್ನೂರ ಎಂಟು. ಇನ್ನೊಂದು ಅತ್ತೆಯದು.

"ನಿಮ್ಮ ಅತ್ತೇದು ಒಂದು ಪೇಪರ್, ನೂರ ಮೂವತ್ತೊಂದು ಉಲ್ಲೇಖ" ಎಂದರು, ಹಣೆಯ ಮೇಲಿನ ಕನ್ನಡಕವನ್ನು ಹುಡುಕುತ್ತ. "ಪೇಪರ್‌ಗೆ ಸರಾಸರಿ ಎಷ್ಟು ಅಂತ ಲೆಕ್ಕ ಹಾಕಿದ್ರೆ ಇಡೀ ಕಾಲೇಜಿಗೇ ಮೊದಲು. ವಾರಕ್ಕೊಂದು ಸಾಹೇಬರದು ಬರೀ ಹದಿನಾಲ್ಕು. ಅವರಿಗೆ ಹೇಳೋರು ಯಾರು ಅನ್ನೋದೇ ಈಗ ಚಿಂತೆ."

ಈ ಸಲ ಅತ್ತೆಯೂ ಜೊತೆಗೆ ಹೊರಟರು. ಸೊಸೆ ಒಳಗೆ ಹೋದಾಗ ಹೊರಗಿನ ಬೆಂಚಿನ ಮೇಲೆ, ಮಡಿಲಲ್ಲಿ ಚೀಲ ಇಟ್ಟುಕೊಂಡು ಕೂತರು. ಅದೇ ಅಧ್ಯಕ್ಷೆ, ಅದೇ ಮೇಜು. ಮಾತುಕತೆ ಹತ್ತು ನಿಮಿಷದಲ್ಲಿ ಮುಗಿಯಿತು. ಅಧ್ಯಕ್ಷೆ ಅರ್ಜಿಗೆ ಸಹಿ ಹಾಕಿ, ಎದ್ದು ಡಾಕ್ಟರಮ್ಮನ ಕೈ ಕುಲುಕಿ, "ಪ್ರೊಫೆಸರ್ ಅವರೇ, ನಿಮ್ಮ ಎರಡನೇ ಲೇಖಕಿ ಎಲ್ಲಿ?" ಎಂದು ಕೇಳಿದರು.

ಬಾಗಿಲು ತೆರೆದು ಅವರೇ ಹೊರಗೆ ಬಂದರು. ಅತ್ತೆ ಗಡಿಬಿಡಿಯಿಂದ ಎದ್ದು ನಿಂತರು. ಕೈಯಲ್ಲಿ ಕರಿ ಚಮಚ; ಕೇಳಿದರೆ ಕೊಡಲು ತಡವಾಗಬಾರದೆಂದು ಚೀಲದಿಂದ ಆಗಲೇ ತೆಗೆದಿಟ್ಟುಕೊಂಡಿದ್ದರು. ಈ ಸಲ ಅದನ್ನು ಉಜ್ಜಿರಲಿಲ್ಲ.

"ಎಷ್ಟು ಪೇಪರ್ ಬರೆದಿದ್ದೀರಮ್ಮ?" ಎಂದು ಅಧ್ಯಕ್ಷೆ ನಗುತ್ತ ಕೇಳಿದರು.

ಅತ್ತೆ ಒಮ್ಮೆ ಸೊಸೆಯ ಕಡೆ ನೋಡಿದರು.

"ಒಂದೇ" ಎಂದರು. "ಆದ್ರೆ ಸರಿಯಾಗಿದೆ."